ಸಾವಿರ ಪಟ್ಟು

ಡಬ್ಬಿಯ ಮೇಲೆ ಸಾವಿರ ಪಟ್ಟು ಅಂತಿದೆ. ಸುಳ್ಳು.
ಸ್ಕೇಲಿನ ಒಂದು ಮಿಲಿಮೀಟರು ಕೆಳಗಿಟ್ಟು ಅಳೆದಿದ್ದೇನೆ,
ಇನ್ನೂರು ದಾಟಿದರೆ ಹೆಚ್ಚು.
ಸಾವಿರದ ನೂರೈವತ್ತು ರೂಪಾಯಿಗೆ
ಇಷ್ಟು ಸುಳ್ಳು ಹೇಳಲಿಕ್ಕೆ ಯಾರಿಗಾದರೂ ಹಕ್ಕಿದೆ.

ದಪ್ಪ ಸೆಲ್ಲಿನ ಗಾತ್ರದ ಕೊಳವೆ, ಮೂತಿಯ ಸುತ್ತ ಎಂಟು ದೀಪ,
ಅಲ್ಲಾಡುವ ಸ್ಟ್ಯಾಂಡಿನ ಕಾಲಿಗೆ
ಚಿಂತಾಮಣಿ ಬಸ್ಸಿನ ಟಿಕೆಟ್ಟು ಮಡಿಸಿ ಕೊಟ್ಟ ಒತ್ತು.
ವೈರು ನನ್ನ ಹಳೇ ಫೋನಿಗೆ.
ಗಾಜು ಒಡೆದ ಫೋನು: ಏನು ನೋಡಿದರೂ
ಎಡಮೂಲೆಯಲ್ಲಿ ಒಂದು ಜೇಡರ ಬಲೆ.

ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿಗೆ ಬೆನ್ನು ಹಾಕಿ ನನ್ನ ಅಂಗಡಿ.
ಬರುವ ಫೋನೆಲ್ಲ ನೀರು ಕುಡಿದವೇ.
ಬೇಯುವ ಗೂಡಿನ ಹಬೆ ತಾಗಿ
ಚಾರ್ಜಿಂಗ್ ತೂತಿನೊಳಗೆ ಹಸಿರು ಕಿಲುಬು,
ಪರದೆಯ ಮೇಲೆ ಅದು ಯಾರೂ ಇಳಿಯದ ಕಲ್ಯಾಣಿ,
ಮೆಟ್ಟಿಲು ಮೆಟ್ಟಿಲಿಗೂ ಪಾಚಿ.
ಬೆಸುಗೆಗೆಂದು ತಂದದ್ದು. ಎರಡೇ ದಿನಕ್ಕೆ ಕೆಟ್ಟೆ:
ಉಪ್ಪಿನ ಹರಳು ಇಟ್ಟೆ, ಐನೂರರ ನೋಟಿನ ಮೂಲೆ ಇಟ್ಟೆ,
ಸತ್ತ ಇರುವೆಯ ಮೊಣಕಾಲು.
ರಾಗಿಕಾಳು, ನುಣುಪು ಅಂದುಕೊಂಡಿದ್ದೆ ಇಷ್ಟು ದಿನ,
ಮೈಯೆಲ್ಲ ಬೆವರುಸಾಲೆ ಎದ್ದ ಕೆಂಪು ಮಗು.

ದಿಲ್ಶಾದ್ ಬೀ ಬಂದಿದ್ದು ಸ್ಪೀಕರ್ ರಿಪೇರಿಗೆ.
ಸೆರಗಿಗೆ ಅಂಟಿದ್ದ ಒಂದೆಳೆ ರೇಷ್ಮೆ ಕಿತ್ತು
"ಇದನ್ನ ನೋಡಣ" ಅಂದರು.
ಉಸಿರಿಗೇ ಹಾರುವ ಎಳೆ. ಕೊನೆಗೆ
ಹಳೇ ಸಿಮ್ ಕಾರ್ಡಿನ ಮೇಲೆ ಎರಡೂ ತುದಿಗೆ ಟೇಪು ಹಾಕಿ ಕೂರಿಸಿದೆ.
ಚಕ್ರ ತಿರುಗಿಸಿದೆ: ಮಬ್ಬು, ಮಬ್ಬು,
ತಟ್ಟನೆ ಗಾಜಿನ ಹಗ್ಗ.
"ಏಳು ಗೂಡಿಂದು," ಪರದೆ ನೋಡದೆಯೇ ಅಂದರು,
"ಎಂಟು ಇರಬೇಕಿತ್ತು. ಒಂದು ಕಡಿದಿದ್ದು ಬೆರಳಿಗೆ ಗೊತ್ತಾತು,
ಇನ್ನೊಂದು ಸೇರಿಸೋದ್ರೊಳಗೆ ಕರೆಂಟು ಹೋತು."
ಸೂಜಿಮೊನೆ ಓಡಿಸಿ ನಾನು ಎಣಿಸಿದೆ.
ಎರಡು ಸಲ ಆರು ಬಂತು. ಮೂರನೇ ಸಲ
ಆರರ ಹಿಂದೆ ಅವಿತಿದ್ದ ಏಳು.

ಆಮೇಲೆ, ನಾನು ಕೇಳದೆಯೇ, ಹೆಬ್ಬೆರಳು ತಂದು ಮೂತಿಯ ಕೆಳಗಿಟ್ಟರು.
"ರೇಷನ್ ಅಂಗಡೀಲಿ ಮೂರು ತಿಂಗಳಿಂದ ತಗೊತಿಲ್ಲ ಕಣಪ್ಪ ಇದನ್ನ.
ಒರೆಸ್ತಾನೆ, ಒತ್ತಿಸ್ತಾನೆ, ನಾಳೆ ಬಾ ಅಂತಾನೆ.
ಮೂವತ್ತು ವರ್ಷ ಬಿಸಿನೀರು, ಗೂಡಿನ ಜೊತೆ
ಗೆರೇನೂ ಬಿಚ್ಕೊಂಡು ಹೋಗೈತೆ ಅಂತಾನೆ.
ಐತಾ, ಇಲ್ವಾ, ನೀನೇ ಹೇಳು ಆಂಜಿ."

ಬಿಳಿಚಿದ ಬಯಲು. ಅಡ್ಡಡ್ಡ ಸುಕ್ಕು. ಬೇರೇನೂ ಇಲ್ಲ.
ಎಂಟೂ ದೀಪ ಆರಿಸಿದೆ. ಅವರದೇ ಫೋನಿನ ಟಾರ್ಚು
ನೆಲಕ್ಕೆ ತಾಗುವಷ್ಟು ತಗ್ಗಿಸಿ ಓರೆಯಾಗಿ ಹಿಡಿದೆ.
ಸಂಜೆಬಿಸಿಲಿಗೆ ಮಾತ್ರ ಕಾಣುವ ಹಳೆಯ ಉಳುಮೆಯ ಹಾಗೆ
ಎದ್ದವು ಸಾಲುಗಳು.
ಬಳಸಿ, ಬಾಗಿ, ಒಂದು ಸುಟ್ಟಗಾಯದ ಹತ್ತಿರ ಕವಲೊಡೆದು
ಮತ್ತೆ ಕೂಡಿ.
ಸಾಲಿನ ದಿಬ್ಬದ ಮೇಲೊಂದು ತೂತು.
ನಾವು ನೋಡುತ್ತಿದ್ದ ಹಾಗೇ ಅಲ್ಲಿ
ಬೆವರಿನ ಹನಿಯೊಂದು ಹುಟ್ಟಿ, ದುಂಡಗಾಗಿ, ನಿಂತಿತು.

"ಐತಲ್ಲ!"
ಪಕ್ಕದ ಟೀ ಅಂಗಡಿಯವನು ಇಣುಕಿ ನೋಡುವಷ್ಟು ಜೋರಾಗಿ.
"ಫೋಟೋ ತೆಗಿ. ತೋರಿಸ್ತೀನಿ ಅವನಿಗೆ."

ತೆಗೆದೆ. ಅವನ ಯಂತ್ರ ಫೋಟೋ ನಂಬುವುದಿಲ್ಲ
ಅಂತ ಹೇಳಲಿಲ್ಲ. ಸ್ಪೀಕರಿಗೆ ದುಡ್ಡು ತಗೊಳ್ಳಲಿಲ್ಲ.
ಅದಕ್ಕೂ ಇದಕ್ಕೂ ಸಂಬಂಧವಿಲ್ಲ, ಬರೀ ಧೂಳಿತ್ತು.

ಮೂರು ದಿನ ಬಿಟ್ಟು ಬಂದರು.
"ಇದ್ಯಾವ ಬೆಟ್ಟ ಅಂದ. ನಂದು ಅಂದೆ."
ಅಕ್ಕಿ ಸಿಕ್ಕಿತಾ ಅಂತ ಕೇಳುವಷ್ಟರಲ್ಲಿ
ನನ್ನ ಕೈ ಹಿಡಿದು ಬೆಳಕಿಗೆ ತಿರುಗಿಸಿ,
ಬೆಸುಗೆಯ ಕಾವಿಗೆ ಒರಟಾದ ತೋರುಬೆರಳು ನೋಡಿ,
ಬರಿಗಣ್ಣಲ್ಲೇ,
"ನಿಂದೂ ಶುರುವಾಗೈತೆ" ಅಂದರು.