ಒಪ್ಪೋಲೆ

ಎಲ್ ಕೀಲಿ ಒಂದೇ.
ಸುಮ್ಮನೆ ಒತ್ತಿದರೆ ಬೆಲೆ,
ಶಿಫ್ಟ್ ಹಿಡಿದು ಒತ್ತಿದರೆ ಬೆಳೆ.
ಗುರುಪಾದಪ್ಪ ಮಾಸ್ತರರ ನಾಲ್ಕು ಪುಸ್ತಕಗಳ ಅರ್ಥಶಾಸ್ತ್ರ
ನನ್ನ ಎಡಗೈ ಕಿರುಬೆರಳಿನ ಮೇಲೆ ನಿಂತಿದೆ.
ಇದನ್ನು ಅವರಿಗೆ ಹೇಳಿಲ್ಲ.

ವಿಜಯಪುರದ ಗಾಂಧಿಚೌಕಿನ ಹಿಂದೆ, ಮೆಟ್ಟಿಲ ಕೆಳಗೆ
ಒಂದು ಕಂಪ್ಯೂಟರು, ಒಂದು ಫ್ಯಾನು,
ಲಗ್ನಪತ್ರಿಕೆಯ ಸ್ಯಾಂಪಲ್ಲುಗಳ ಕಟ್ಟು, ನಾನು.
ಮೊದಲ ದಿನ ಹಸ್ತಪ್ರತಿ ತಂದಿಟ್ಟು ಕೇಳಿದರು:
"ಪುಟಕ್ಕ ಎಷ್ಟ ತಂಗಿ?"
"ಇಪ್ಪತ್ತೆರಡ್ರಿ ಸರ."
"ಹದಿನೆಂಟ ಮಾಡು. ಇದೇನ ಮದುವಿ ಕಾರ್ಡಲ್ಲ, ಸಮಾಜದ ಕೆಲಸ."
ಆ ಸಂಜೆ ಹೊಡೆದದ್ದು ಅಧ್ಯಾಯ ಎರಡು:
ಚೌಕಾಸಿಯಲ್ಲಿ ಸೋಲುವವರು ಯಾರು, ಯಾಕೆ.
ಚಲೋ ಬರೆದಿದ್ದರು. ಎರಡು ಸಲ ಓದಿದೆ.

ಕಾಣದ ಕೈ ಎಂಬ ಮಾತು ಬಂದಾಗಲೆಲ್ಲ
ಮೆಹಂದಿ ಹಚ್ಚಿದ ಬೆರಳುಗಳು
ಒಂದು ಗಳಿಗೆ ನಿಂತು ಮುಂದೆ ಹೋಗುತ್ತಿದ್ದವು.
ಕರೆಂಟು ಹೋಗಿ ಸಬ್ಸಿಡಿಯ ಮೂರು ಪುಟ ಮಾಯವಾದವು,
ಮರಳಿ ಹೊಡೆದೆ.
ಆ ನಷ್ಟ ಯಾರ ಲೆಕ್ಕಕ್ಕೆ ಎಂಬುದು
ಯಾವ ಅಧ್ಯಾಯದಲ್ಲೂ ಬರಲಿಲ್ಲ.

ಬೇಡಿಕೆ ಅಂದರೆ ಬೇಡುವುದಲ್ಲ, ತಿಳಿಸಿಕೊಟ್ಟರು,
ಕೈಯಾಗ ರೊಕ್ಕ ಇದ್ದು ಬೇಕು ಅನ್ನೋದು.
"ರೊಕ್ಕ ಇಲ್ಲದ ಬೇಕು ಅನ್ನೋದಕ್ಕ ಏನಂತಾರ್ರಿ?"
ಕನ್ನಡಕ ತೆಗೆದು ಒರೆಸಿದರು, ಬಹಳ ಹೊತ್ತು.
"ಅದಕ್ಕ ಶಾಸ್ತ್ರದಾಗ ಶಬ್ದ ಇಲ್ಲವ್ವಾ."

ಮೂರನೆಯ ಪುಸ್ತಕ. ಪುಟ ನೂರಾ ಹದಿನಾಲ್ಕು. ಕೋಷ್ಟಕ ಏಳು.
ತಿಕೋಟಾ ಸುತ್ತಲಿನ ಒಣದ್ರಾಕ್ಷಿ ಶೆಡ್ಡುಗಳ ಕೂಲಿ.
ಔಷಧಿ ಹೊಡೆಯುವವರು: ಗಂಡಸರು: ಕುಶಲ.
ದೇಟು ಬಿಡಿಸಿ ಆರಿಸುವವರು: ಹೆಂಗಸರು: ಅಕುಶಲ.

ಅಮ್ಮಿ ಹತ್ತೊಂಬತ್ತು ವರ್ಷ ಆರಿಸಿದಳು.
ಇದು ಇನ್ನೆರಡು ದಿನ ಒಣಗಬೇಕು,
ಇದರ ಹೊಟ್ಟೆಯೊಳಗೆ ಹುಳಿ ಇದೆ,
ಇದು ಲಿಲಾವಿನಲ್ಲಿ ಮೊದಲ ನಂಬರು:
ಹೆಬ್ಬೆರಳೇ ಹೇಳುತ್ತಿತ್ತು, ಅವಳು ಕೇಳುತ್ತಿದ್ದಳು.
ಎಷ್ಟು ತೊಳೆದರೂ ಹೋಗದ ಸಿಹಿ.
ಮುಂಜಾನೆ ನನ್ನ ಜಡೆ ಹೆಣೆದರೆ
ಅವಳ ಬೆರಳಿಗೆ ಕೂದಲು ಅಂಟುತ್ತಿತ್ತು.

ಕರ್ಸರನ್ನು ಅ ಮುಂದೆ ನಿಲ್ಲಿಸಿದೆ.
ಬ್ಯಾಕ್‌ಸ್ಪೇಸ್, ಒಂದೇ ಸಲ.

ಪ್ರೂಫು ಮೂರು ಸಲ ನೋಡಿದರು ಮಾಸ್ತರರು.
ಐನೂರು ಪ್ರತಿ ಅಚ್ಚಾದವು,
ಎರಡು ಬೆಂಗಳೂರಿನ ಯಾವುದೋ ಸಮಿತಿಗೆ ಹೋದವು.
ಕೂಲಿ ಏರಲಿಲ್ಲ.
ಒಂದಕ್ಷರಕ್ಕೆ ಅಷ್ಟು ಶಕ್ತಿ ಇದ್ದಿದ್ದರೆ
ನಾನ್ಯಾಕೆ ಪುಟಕ್ಕೆ ಹದಿನೆಂಟರಂತೆ ಹೊಡೆಯುತ್ತಿದ್ದೆ?

ನಿನ್ನೆ ಬಂದರು. ಕೈಯಲ್ಲಿ ಒಪ್ಪೋಲೆ, ಕೆಂಪು ಶಾಯಿ,
ಮೂವತ್ತೊಂದು ತಪ್ಪು.
ಬೆಲೆ ಇದ್ದಲ್ಲಿ ಬೆಳೆ, ಎರಡು ಕಡೆ.
ಅವರ ತಂದೆಯ ಹೆಸರಿಗೇ ಒಂದು ಒತ್ತಕ್ಷರ ಇಲ್ಲ.
ಬೆರಳು ಇಳಿಯುತ್ತಾ ಹೋಯಿತು.
ತೊಂಬತ್ತೆಂಟು. ನೂರಾ ಐದು. ನೂರಾ ಹದಿಮೂರು.
ನೂರಾ ಇಪ್ಪತ್ತೊಂದು.

ತಲೆಯೆತ್ತಿ ನೋಡಿದೆ. ಮಾಸ್ತರರು ಬೀದಿ ನೋಡುತ್ತಿದ್ದರು,
ಅಲ್ಲಿ ಒಬ್ಬ ಲಿಂಬಿಹಣ್ಣಿನ ಚೀಲ ಇಳಿಸುತ್ತಿದ್ದ.
ಅವರಿಗೆ ಕಂಡಿಲ್ಲವೋ,
ಕಂಡೂ ಬಿಟ್ಟರೋ.
ಕೇಳಲಿಲ್ಲ. ಹೊಡೆದು ಕೊಟ್ಟೆ.

"ಅರ್ಧಾ ಪುಟ ಆತಲ್ಲ," ಅಂದರು,
ಒಂಬತ್ತು ರೂಪಾಯಿ ಎಣಿಸಿ ಟೇಬಲ್ಲಿನ ಮೇಲಿಟ್ಟರು:
ಐದರದು ಒಂದು,
ಎರಡರವು ಎರಡು.