ಖಜಾಂಚಿ ಮಗುಚಿದ್ದು

ನಾಲ್ಕು ವರ್ಷ ಲೆಕ್ಕ ಬರೆದೆ, ನೀರಿಗಿಳಿಯದೆ.
ಹಗ್ಗ ಹನ್ನೆರಡು ಮಾರು, ಹುಟ್ಟು ಆರು,
ತೇಲುವ ಜಾಕೀಟು ಒಂಬತ್ತು (ಒಂದರ ಪಟ್ಟಿ ಹರಿದಿದೆ),
ಚಾ, ಬಟಾಟೆ ವಡೆ, ವಡೆಯ ಬಾಕಿ.
ಕೋಡಿಬಾಗದ ದಂಡೆಯಲ್ಲಿ ನಮ್ಮ ಬಳಗ ಕೂಡಿದ
ಒಂದೊಂದು ಭಾನುವಾರವೂ
ನನ್ನ ಪುಸ್ತಕದಲ್ಲಿ ಒಣಗಿಯೇ ಇತ್ತು.

ಬಳಗಕ್ಕೆ ಇರುವುದು ಒಂದೇ ಕಾಯಿದೆ:
ಒಂದು ಕಲಿತವರು ಒಂದು ಕಲಿಸಬೇಕು.

ರುಜಾರ್ ಮಾಮ ಹಗ್ಗದ ಗಂಟು ಕಲಿಸಿದ.
ಬದಲಿಗೆ ಮೊಬೈಲಿನಲ್ಲಿ ಗಾಳಿಯ ದಿಕ್ಕು ನೋಡಲು ಕಲಿತ;
ನೋಡಿ, ಬೆರಳು ಎಂಜಲು ಮಾಡಿ ಗಾಳಿಗೆ ಹಿಡಿದು
‘ಅಡ್ಡಿಲ್ಲ, ಮೊಬೈಲು ಸರಿಯಾಗೇ ಹೇಳ್ತದೆ’ ಎಂದ.

ಇಳಿತದ ಹೊತ್ತಿಗೆ ಬೆಳಚು ಹೆಕ್ಕುವ ಗಿರ್ಜಿ ಹರಿಕಂತ್ರ
ಕಾಲ ಹೆಬ್ಬೆರಳಲ್ಲಿ ಕೆಸರಿನ ಮನಸ್ಸು ತಿಳಿಯುವುದ ಕಲಿಸಿದಳು.
ಐವತ್ತೆಂಟಕ್ಕೆ ಸೈಕಲ್ ಕಲಿತಳು.
ಬಂದರು ರಸ್ತೆಯಲ್ಲಿ ಬಿದ್ದಾಗ
ಎದ್ದು ಬೈದದ್ದು ಸೈಕಲ್ಲಿಗೆ,
ಅದೂ ಅದರ ಅಪ್ಪನ ತನಕ.

ನಾನು ಕೂಡಿಸಿದೆ, ಕಳೆದೆ.
ಹೋದ ಸಭೆಯಲ್ಲಿ ಠರಾವು ಬಂತು:
ಖಜಾಂಚಿಗೂ ಕಾಯಿದೆ ಉಂಟು.
ಪರ ಹದಿನಾರು, ವಿರೋಧ ಒಂದು.
ಆ ಒಂದನ್ನೂ ಬರೆದುಕೊಂಡವನು ನಾನೇ.

ಕಲಿಸುವವಳು ಪ್ರಣಾಲಿ ತಾಂಡೇಲ, ಹತ್ತೊಂಬತ್ತು ವರ್ಷ.
‘ಮೊದಲ ಪಾಠ ತೇಲುವುದಲ್ಲ ಸರ್, ಮಗುಚುವುದು.’
ಮಗುಚದೆ ಇರುವುದನ್ನೇ ಕಲಿಸಬಾರದೇ, ಎಂದೆ.
‘ಅದನ್ನು ಐವತ್ತನಾಲ್ಕು ವರ್ಷ ಕಲಿತಿದ್ದೀರಲ್ಲ.’
‘ಭಿಯೆವ್ ನಾಕಾ’ ಎಂದಳು; ಮತ್ತೆ ಕನ್ನಡದಲ್ಲಿ,
‘ಹೆದರಬೇಡಿ.’
ಎರಡೂ ಭಾಷೆಯಲ್ಲಿ ಹೆದರಿದೆ.

ಕಯಾಕು ವಾಲಿತು.
ಸದಾಶಿವಗಡದ ಗುಡ್ಡ ತಲೆಕೆಳಗಾಗಿ
ಸೇತುವೆಯ ಮೇಲಿನ ಲಾರಿಯೊಂದು
ಆಕಾಶದ ತಳಕ್ಕೆ ಅಂಟಿಕೊಂಡು ಓಡಿತು.
ಆಮೇಲೆ ಹಸಿರು.
ಯಾರೂ ಏನೂ ಲೆಕ್ಕ ಕೇಳದ ಹಸಿರು.
ಕಾಳಿಯ ನೀರು ಅಲ್ಲಿ ಹೊಳೆಯೂ ಅಲ್ಲ, ಕಡಲೂ ಅಲ್ಲ,
ಮೂಗಿಗೆ ಹೊಕ್ಕಾಗ ಮಾತ್ರ ಪೂರ್ತಿ ಕಡಲು.
ಕಿಸೆಯಲ್ಲಿ ಮರೆತಿದ್ದ ಹಗ್ಗದ ರಸೀತಿ
ನನಗಿಂತ ಮೊದಲು ತೇಲಿತು.

‘ಹೊಟ್ಟೆ ಮೇಲೆ ಹತ್ತಿ ಸರ್, ಮರ್ಯಾದೆ ಆಮೇಲೆ!’
ಒಮ್ಮೆ ಜಾರಿದೆ. ಇನ್ನೊಮ್ಮೆ ಜಾರಿ
ಅವಳ ಮೂತಿಗೆ ಒದ್ದೆ. ಮತ್ತೂ ಒಮ್ಮೆ.
ಕೊನೆಗೆ ದಡಕ್ಕೆ ಬಂದ ಮೊಸಳೆಯ ಹಾಗೆ
ಅಡ್ಡಡ್ಡ ಬಿದ್ದುಕೊಂಡೆ, ದೋಣಿಯ ಮೇಲೆ.
ದಂಡೆಯಿಂದ ಚಪ್ಪಾಳೆ.
ಗಿರ್ಜಿಯ ನಗು ಎಲ್ಲಕ್ಕಿಂತ ಮೇಲೆ.

ಸಂಜೆ ಮೂರು ಕಲ್ಲಿನ ಒಲೆ.
ರುಜಾರನ ಬಂಗಡೆ, ಯಾರದೋ ಮನೆಯ ಮುರುಗಲು ಪಾನಕ,
ಹೊಗೆ ಯಾರ ಕಡೆ ಬಂದರೂ ಅವರದೇ ತಪ್ಪೆಂಬ ಜಗಳ.
ಈಗ ನಾನು ಕಲಿಸಬೇಕು.
ಚೀಲದಿಂದ ತೆಗೆದೆ ನನ್ನ ಹಳೆಯ ಕಾವಲಿ,
ರಾತ್ರಿ ನೆನೆಸಿ ಬೆಳಿಗ್ಗೆ ಅರೆದ ಅಕ್ಕಿ,
ನೀರಿಗೆ ಇನ್ನೂ ನೀರು.
ಸುರಿದೆ. ಚುಂಯ್ ಎಂದಿತು. ತೂತು ತೂತಾಗಿ ಹರಡಿತು.
‘ಇದನ್ನು ಮಗುಚಬಾರದು’ ಎಂದೆ.

ಮಗುಚಿದಳು ಪ್ರಣಾಲಿ.
ಹರಿಯಿತು.
ಎರಡನೆಯದನ್ನೂ ತಾಳಲಿಲ್ಲ; ಅದೂ ಹರಿಯಿತು.
‘ಸುಮ್ಮನೆ ಕೂರುವುದೂ ಒಂದು ವಿದ್ಯೆಯಾ ಸರ್?’
ಮುಚ್ಚಳ ಮುಚ್ಚು, ಇಪ್ಪತ್ತು ಎಣಿಸು, ಎಂದೆ.
ಕೈ ತೊಡೆಯಡಿ ಇಟ್ಟುಕೊಂಡು
ಕೊಂಕಣಿಯಲ್ಲಿ ಎಣಿಸಿದಳು, ಗಟ್ಟಿಯಾಗಿ,
ಹದಿಮೂರಕ್ಕೆ ತಪ್ಪಿ ಮತ್ತೆ ಒಂದರಿಂದ.
ಮುಚ್ಚಳ ತೆಗೆದಾಗ ಅಂಚು ತಾನೇ ಬಿಟ್ಟಿತ್ತು,
ಒಣಗಲು ಹಾಕಿದ ಬಿಳಿ ಪಂಚೆಯ ತುದಿ
ಗಾಳಿಗೆ ಏಳುವ ಹಾಗೆ.

ಕತ್ತಲಾದ ಮೇಲೆ ಟಾರ್ಚು ಹಿಡಿದು ಬರೆದೆ.
ಅಕ್ಕಿ ಎರಡು ಸೇರು, ಸ್ವಂತದ್ದು.
ನಷ್ಟ: ದೋಸೆ ಎರಡು.
ಹಗ್ಗ: ರಸೀತಿ ಇಲ್ಲ, ಕಾಳಿಯಲ್ಲಿದೆ.
ತಲೆಯಿಂದ ಒಂದು ಹನಿ ಜಾರಿ
ಹೋದ ತಿಂಗಳ ಒಟ್ಟು ಮೊತ್ತದ ಮೇಲೆ ಬಿತ್ತು,
ಶಾಯಿ ಹರಡಿತು.
ಒರೆಸಲಿಲ್ಲ.