ಎರಡೂವರಿ ಥೌ

ಉದ್ಯಮಬಾಗದಾಗ ಬೆಳಗಿನ ಏಳಕ್ಕ
ಎರಕದ ಮನಿಗಳ ಹೊಗಿ ಇನ್ನೂ ಎದ್ದಿರೂದಿಲ್ಲ.
ಶೆಟರ್ ಅರ್ಧ ಎತ್ತಿ ಬಗ್ಗಿ ಒಳಗ ಬರತೇನಿ.
ಬೆಂಚಿನ ಮ್ಯಾಲ ಜಿಪ್ಸಿಯ ಎಂಜಿನ್
ಹಳೇ ಧೋತರ ಹೊದ್ದು,
ಮದಿವಿ ಗೊತ್ತಾದವರ ಗತೆ ಸುಮ್ಮನ ಕುಂತೈತಿ.

ಹೊಸ ಪಿಸ್ಟನ್, ಹೊಸ ಕ್ಯಾಮ್,
ಎಂಟು ಸಾವಿರದ ಮಟ ತಿರಗಲೆಂತ ಕಟ್ಟಿದ್ದು.
ಎಲ್ಲಾ ಮುಗದೈತಿ. ಎಣ್ಣಿ ಒಂದ ಉಳದೈತಿ.

ಮಾಲಕ ಭರತೇಶ ಚೌಗುಲೆ, ಕೈಯಾಗ ಚಾದ ಕಪ್ಪು:
"ದಪ್ಪಂದ ಹಾಕ್ರಿ ಅಕ್ಕಾ, ರೊಕ್ಕಕ್ಕ ನೋಡಬ್ಯಾಡ್ರಿ."
ಎಣ್ಣಿ ಅಂದ್ರ ಹೋಳಿಗಿ ಮ್ಯಾಲಿನ ತುಪ್ಪ ಅಂತ ತಿಳದಾನ,
ಹೆಚ್ಚಾದಷ್ಟು ಮರ್ಯಾದಿ.

ನನ್ನ ಉಸ್ತಾದ ಮೌಲಾಸಾಬ
ಎರಡು ಬೆರಳಿನ ನಡುವ ಎಣ್ಣಿ ಹಿಡದು ಹಿಗ್ಗಿಸತಿದ್ದ,
ನಮ್ಮವ್ವ ಶೇಂಗಾ ಉಂಡಿಗೆ ಬೆಲ್ಲದ ಪಾಕ ನೋಡಿದಂಗ.
ಎಳಿ ಬಂತಂದ್ರ ಆತು.
ಇಬ್ಬರ ಕಡಿಂದನೂ ಕಲತೇನಿ,
ಇಬ್ಬರಿಗೂ ಎದುರಾಡೇನಿ.
ಅವ್ವನ ಲೆಕ್ಕ ಆರಿದ ಮ್ಯಾಲಿಂದು,
ಎಣ್ಣಿಯ ಲೆಕ್ಕ ಕಾದ ಮ್ಯಾಲಿಂದು.
ಬೆರಳಿಗೆ ಮೂವತ್ತು ಡಿಗ್ರಿ ಗೊತ್ತು;
ಅದು ಬಾಳೇವು ಮಾಡೂದು ನೂರಾ ಇಪ್ಪತ್ತರಾಗ.

ಕ್ರ್ಯಾಂಕಿಗೂ ಬೇರಿಂಗಿಗೂ ನಡುವ ಒಂದು ಸಂದು.
ತಲಿಗೂದಲು ಮೂರು ಥೌ ಅಂದ್ರ ಇದು ಎರಡೂವರಿ.
ಮೇಣದ ಹಸರ ಎಳಿ ಇಟ್ಟು, ಬೋಲ್ಟ್ ಬಿಗದು, ಬಿಚ್ಚಿ,
ಚಪ್ಪಟಿ ಆದದ್ದರ ಅಗಲ ಅಳದೇನಿ
ಐದೂ ಕಡೆ, ಎರಡೆರಡು ಸಲ.
ಇಷ್ಟ ಜಾಗದಾಗ
ಲೋಹ ಲೋಹಕ್ಕ ಮುಟ್ಟದಂಗ
ಇಡೀ ಆರ್ಭಟ ತೇಲಬೇಕು.

ಒಂದು ಮಾತು ಭರತೇಶಗ ಹೇಳಿಲ್ಲ.
ಅವನ ಹೋದ ವರ್ಷದ ಎಂಜಿನ್ ಕೊಂದಾಕಿ ನಾನ.
ಡಿಸೆಂಬರಿನ ಥಂಡಿಯಾಗ ಇದ ಬೆಂಚಿನ ಮ್ಯಾಲ ಅಳದೆ,
ಅಂಕಿ ಚಂದ ಇತ್ತು,
ತೆಳುವು ಮೂವತ್ತರ ಎಣ್ಣಿ ಸುರವಿದೆ, ಸೊಕ್ಕಿಲೆ.
ಗಾಡಿ ಓಡಿದ್ದು ಏಪ್ರಿಲಿನ ವಿಜಯಪುರದಾಗ,
ಬಿರಿದ ಕರಿಮಣ್ಣು, ನೆತ್ತಿ ಮ್ಯಾಲ ನಲವತ್ತೆರಡು.
ಮೈ ಅಲ್ಯುಮಿನಿಯಂ, ಕಾದ್ರ ಹಿಗ್ಗತೈತಿ;
ಒಳಗಿನ ಉಕ್ಕು ಅಷ್ಟು ಹಿಗ್ಗೂದಿಲ್ಲ.
ನಾ ಅಳದ ಸಂದು ಅಲ್ಲಿ ಇರಲೇ ಇಲ್ಲ.
ನಾಕನೇ ಸುತ್ತಿನ್ಯಾಗ ಒತ್ತಡದ ಮುಳ್ಳು
ಜ್ವರದ ಕೂಸಿನ ಗತೆ ನಡಗಿ ಕೆಳಗ ಕುಂತಿತು.
ಬಿಚ್ಚಿದ್ರ ಬೇರಿಂಗಿನ ಬಿಳುಪು ಸವದು
ತಾಮ್ರ ಹೊರಗ ಬಿದ್ದಿತ್ತು.
"ಎಣ್ಣಿ ಕಲಬೆರಕಿ" ಅಂದೆ. ನಂಬಿದ.

ಹಂಗಂತ ಅರವತ್ತೂ ಬ್ಯಾಡ.
ಥಂಡಿ ಮುಂಜಾನಿ ಅದು ಕುಂದಾ ಇದ್ದಂಗ,
ಮ್ಯಾಲಿನ ಕ್ಯಾಮಿಗೆ ಮುಟ್ಟೂದರಾಗ ಕ್ಯಾಮ್ ಒಣಗಿಲೆ ತಿಕ್ಕಿರತೈತಿ.
ಮುಳ್ಳು ಏರಿತಂತ ಹಿಗ್ಗಬಾರದು;
ದಾರಿ ಕಟ್ಟಿದ್ರೂ ಏರತೈತಿ ಅದು.
ಹರಿಯೂದು ಬ್ಯಾರೆ, ಒತ್ತೂದು ಬ್ಯಾರೆ.

ಹದಿನೈದು, ಐವತ್ತು.
ಡಬ್ಬಿ ಮ್ಯಾಲ ಎರಡು ಅಂಕಿ:
ಒಂದು ಬೆಳಗಾವಿದು, ಇನ್ನೊಂದು ವಿಜಯಪುರದ್ದು.
ಮೂರೂವರಿ ಲೀಟರ್. ಲಾಳಿಕಿ ಒರಸಿ ಇಟ್ಟೆ.
ಪ್ಲಗ್ ನಾಕೂ ಬಿಚ್ಚಿ, ಕಿಡಿ ಇಲ್ಲದ
ಬರೇ ತಿರವತೇನಿ. ಗರ್ ಗರ್ ಗರ್.

"ಯಾಕ್ರಿ ಅಕ್ಕಾ, ಸ್ಟಾರ್ಟ್ ಮಾಡವಲ್ರಿ?"
"ಎಣ್ಣಿ ಇನ್ನೂ ದಾರ್ಯಾಗೈತಿ."
ಗರ್ ಗರ್.
"ಭರತೇಶ,
ಹೋದ ವರ್ಷ ಎಣ್ಣಿದಲ್ಲ ತಪ್ಪು. ನಂದು."

ಅವ ಕಪ್ಪು ಕೆಳಗಿಟ್ಟ ಸಪ್ಪಳ ಕೇಳಿತು.
ನಾ ಅವನ ಮಾರಿ ನೋಡಲಿಲ್ಲ;
ಮುಳ್ಳು ನೋಡತಿದ್ದೆ.
ಅದು ಸೊನ್ನಿ ಬಿಟ್ಟು
ಈಗ, ಸ್ವಲ್ಪ,